ಹಿಂದಕ್ಕೆ ಹೋಗದ ಕಾರು

"ಕಾರು ಸಿಕ್ತು ಗೌಹಾರ್," ಎಂದಿತು ಫೋನಿನಲ್ಲಿ ಮುದಿ ದನಿ. "ಮಗ ಇಲ್ಲ. ಕಾರು ಮಾತ್ರ."

ಗೌಹಾರ್ ಅಕ್ಕ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದಳು.

"ಎಲ್ಲಿ?"

"ಭಾನುವಾರದ ಸಂತೆಯಲ್ಲೇ. ಮಾರಾಟಕ್ಕೆ ನಿಂತಿದೆ."

"ಕೆನೆಕೆ, ನಾನು ಹೇಳಿದ ಹಾಗೆ ಮಾಡಿ. ಕೂಗಾಡಬೇಡಿ. ಅಳಬೇಡಿ. ಪೊಲೀಸ್ ಅನ್ನೋ ಮಾತೇ ಎತ್ತಬೇಡಿ. ಕೊಳ್ಳೋಕೆ ಬಂದವರ ಹಾಗೆ ಬೆಲೆ ಕೇಳ್ತಾ ನಿಂತಿರಿ. ಬಂದೆ."

ಗೌಹಾರ್ ನನ್ನ ಚಿಕ್ಕಮ್ಮನ ಮಗಳು. ಅಲ್ಮಾಟಿಯ ಅಪರಾಧ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಊರಿನ ಕಳ್ಳರೆಲ್ಲ ಅವಳಿಗೆ ಗೊತ್ತು, ಕಾರು ಓಡಿಸುವುದು ಮಾತ್ರ ಗೊತ್ತಿಲ್ಲ. ಹಾಗಾಗಿ ಅವಳು ಹೋದಲ್ಲೆಲ್ಲ ನಾನು — ಸಾಬಿತ್.

ಕೆನೆಕೆ ಅಂದರೆ ಕೆನ್ಜೆಬೆಕ್, ಗೌರವದಿಂದ ಹಾಗೆ ಕರೆಯುತ್ತಿದ್ದೆವು. ಬಡಗಿ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಸಾಕಿದವರು. ಆ ಮಗ ಮಿರಾಸ್ ನಜ್ಜುಗುಜ್ಜಾದ ಜರ್ಮನ್ ಸ್ಪೋರ್ಟ್ಸ್ ಕಾರೊಂದನ್ನು ತಂದು, ಮನೆಯ ಅಂಗಳದಲ್ಲೇ ಬಿಚ್ಚಿ, ಜೋಡಿಸಿ, ಮತ್ತೆ ಜೀವ ಬರಿಸಿದ್ದ. ಬೆಳ್ಳಿ ಬಣ್ಣ, ಎರಡೇ ಬಾಗಿಲು, ಕೈಯಲ್ಲಿ ಗೇರು ಬದಲಾಯಿಸುವ ಕಾರು. ಆರು ವರ್ಷದ ಹಿಂದೆ ಒಂದು ಬೇಸಿಗೆಯ ಬೆಳಿಗ್ಗೆ ಅದನ್ನು ಹತ್ತಿಕೊಂಡು ಹೋದವನು ತಿರುಗಿ ಬರಲಿಲ್ಲ. ಕಾರೂ ಬರಲಿಲ್ಲ.

ಆಗ ಪ್ರಕರಣ ಅಕ್ಕನ ಕೈಯಲ್ಲಿತ್ತು. ಮಿರಾಸ್‌ನನ್ನು ಕೊನೆಗೆ ಕಂಡವನು ಪಕ್ಕದ ಮನೆಯ ಜಂದೋಸ್. ಇಬ್ಬರೂ ತೊಟ್ಟಿಲಿನಿಂದ ಜೊತೆಯಾಗಿ ಬೆಳೆದವರು. ಗಡಿಯಾಚೆ ಬಿಷ್ಕೆಕ್ ಕಡೆಯ ಗಿರಾಕಿಯೊಬ್ಬನಿಗೆ ಕಾರು ತೋರಿಸಲು ಮಿರಾಸ್ ಒಬ್ಬನೇ ಹೋದ ಎಂದಿದ್ದ ಅವನು. ಆ ಗಿರಾಕಿಯನ್ನು ಅಕ್ಕ ಗಡಿಯ ಎರಡೂ ಕಡೆ ಹುಡುಕಿದಳು. ಸಿಗಲಿಲ್ಲ. ಪ್ರಕರಣ ಮುಚ್ಚಿತು.

ಕೆನೆಕೆ ಮುಚ್ಚಲಿಲ್ಲ. ಪ್ರತಿ ಭಾನುವಾರ ಹಳೇ ಕಾರುಗಳ ಸಂತೆಗೆ ಹೋಗಿ ಸಾಲು ಸಾಲು ನೋಡುತ್ತ ನಡೆಯುತ್ತಿದ್ದರು. ಕರೆದುಕೊಂಡು ಹೋಗುತ್ತಿದ್ದವನು ಜಂದೋಸ್. ಔಷಧಿ ತರುತ್ತಿದ್ದವನೂ, ಚಳಿಗಾಲದಲ್ಲಿ ಮಾಳಿಗೆಯ ಹಿಮ ಕೆರೆಯುತ್ತಿದ್ದವನೂ ಅವನೇ. ದೇವರು ಒಬ್ಬ ಮಗನನ್ನು ಕಿತ್ತುಕೊಂಡು ಇನ್ನೊಬ್ಬನನ್ನು ಕೊಟ್ಟ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ನಾವು ಸಂತೆ ತಲುಪಿದಾಗ ಕೆನೆಕೆ, ಜಂದೋಸ್ ಇಬ್ಬರೂ ಒಂದು ಕಪ್ಪು ಕಾರಿನ ಪಕ್ಕ ನಿಂತಿದ್ದರು. ಕೆನೆಕೆಯ ಮುಖ ಸುಣ್ಣದಂತಿತ್ತು.

"ಕಪ್ಪು ಬಣ್ಣ ಬಳಿದಿದಾರೆ," ಎಂದರು ಮೆಲ್ಲಗೆ. "ಒಳಗೆ ನೋಡು."

ಗೇರ್ ಕಡ್ಡಿಯ ತುದಿಯಲ್ಲಿ ಕಂಪನಿಯ ಗುಂಡು ಇರಲಿಲ್ಲ. ಮರದ ಗುಂಡು ಇತ್ತು. ಅಂಗೈ ತಾಗಿ ತಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು.

"ನಮ್ಮನೆ ಏಪ್ರಿಕಾಟ್ ಮರದ್ದು. ನಾನೇ ಕಡೆದಿದ್ದು. ನಾನು ಮಾಡಿದ ಕೆಲಸ ನನಗೆ ಗೊತ್ತಾಗಲ್ವಾ?"

"ಕೆನೆಕೆ, ಮರದ ಗುಂಡು ಯಾರು ಬೇಕಾದ್ರೂ ಹಾಕಿಸ್ತಾರೆ," ಎಂದ ಜಂದೋಸ್. ಅವನ ತುಟಿ ಒಣಗಿತ್ತು. "ಸುಮ್ನೆ ಆಸೆ ಇಟ್ಕೊಂಡು ಮತ್ತೆ ಹಾಸಿಗೆ ಹಿಡೀತೀರಿ. ಹೋದ ವರ್ಷವೂ ಹೀಗೇ ಆಯ್ತಲ್ಲ. ನಡೀರಿ, ಮನೆಗೆ ಹೋಗೋಣ."

"ಓಡಿಸಿ ನೋಡಿದ್ರೆ ತಪ್ಪೇನು?" ಎಂದಳು ಅಕ್ಕ. "ನೀನೇ ಒಂದು ಸುತ್ತು ಹೋಗಿ ಬಾ."

"ನನಗೆ ಗೇರ್ ಗಾಡಿ ಎಲ್ಲಿ ಬರತ್ತೆ ಅಕ್ಕ? ಆಟೊಮ್ಯಾಟಿಕ್ ಬಿಟ್ಟು ಬೇರೆ ಮುಟ್ಟಿದವನೇ ಅಲ್ಲ. ಆಗಲೂ ನಿಮಗೆ ಹೇಳಿದ್ನಲ್ಲ — ಈ ಕಾರಿನ ಡ್ರೈವರ್ ಸೀಟಲ್ಲಿ ಒಂದು ದಿನವೂ ಕೂತಿಲ್ಲ."

"ಹೌದಲ್ವಾ, ಮರೆತಿದ್ದೆ. ಹಾಗಾದ್ರೆ ಎಲ್ಲರಿಗೂ ಒಂದಿಷ್ಟು ಟೀ ತಗೊಂಡು ಬಾರಪ್ಪ."

ಅವನು ಹೋದ. ಮಾರುವವನು ಬಂದ. ಇಲ್‌ಯಾರ್ ಅಂತ, ಉಯ್ಘುರ್ ವ್ಯಾಪಾರಿ. ಒಂದು ಚಿನ್ನದ ಹಲ್ಲು, ನಿಲ್ಲದ ನಾಲಗೆ.

"ನೋಡಿ ಅಕ್ಕಾ, ನೋಡಿ! ಇಂಥ ಗಾಡಿ ಈಗ ಹುಟ್ಟೋದೇ ಇಲ್ಲ. ಈಗಿನವೆಲ್ಲ ತಾವೇ ಗೇರ್ ಹಾಕ್ಕೊಂಡು ತಾವೇ ಹೋಗ್ತವೆ, ಮನುಷ್ಯ ಮೂಟೆ ಥರ ಕೂತಿರಬೇಕು. ಇದಕ್ಕೆ ಗಂಡಸು ಬೇಕು!"

ನಾನು ಹತ್ತಿದೆ. ಹುಟ್ಟಿದಾಗಿನಿಂದ ಗೇರ್ ಗಾಡಿ ಓಡಿಸಿದವನು ನಾನು. ಕ್ಲಚ್ ಒತ್ತಿದಾಗ ಕಾಲಿಗೆ ಸಿಕ್ಕ ಆ ಬಿಗಿ, ಎರಡರಿಂದ ಮೂರಕ್ಕೆ ಗೇರು ಜಾರಿದ ಆ ಸುಖ — ಯಾಕೆ ಬಂದಿದ್ದೇವೆ ಎಂಬುದೇ ಗಳಿಗೆ ಹೊತ್ತು ಮರೆತುಹೋಯಿತು. ಒಂದು ಸುತ್ತು ಹೊಡೆದು ಬಂದೆ. ಸಾಲಿನೊಳಗೆ ಹಿಮ್ಮುಖವಾಗಿ ನಿಲ್ಲಿಸಬೇಕು. ರಿವರ್ಸ್ ಹಾಕಿದೆ. ಕಾರು ಮುಂದಕ್ಕೆ ಹಾರಿತು.

"ಎಲ್ಲಯ್ಯ ರಿವರ್ಸ್? ಗುಂಡಿನ ಮೇಲೆ ಗೇರಿನ ಗುರುತೂ ಇಲ್ಲ!"

ಇಲ್‌ಯಾರ್ ತಲೆ ಕೆರೆದುಕೊಂಡ. "ಸತ್ಯ ಹೇಳ್ಲಾ? ನನಗೂ ಸಿಕ್ಕಿಲ್ಲ. ಮೊನ್ನೆ ಕೊಂಡಿದ್ದು. ಎಲ್ಲಿ ತಳ್ಳಿದ್ರೂ ಮುಂದಕ್ಕೇ ಹೋಗತ್ತೆ. ನಾವು ನಾಲ್ಕು ಜನ ಸೇರಿ ಹಿಂದಕ್ಕೆ ನೂಕ್ತೀವಿ. ಹಿಂದಕ್ಕೆ ಹೋಗೋದಿದ್ರೆ ಕತ್ತೆ ತಗೊಳ್ಳಿ ಸ್ವಾಮಿ!"

ಅಕ್ಕಪಕ್ಕದವರು ನಗುತ್ತ ಬಂದು ಕಾರನ್ನು ನೂಕಿ ನಿಲ್ಲಿಸಿದರು. ಕೆನೆಕೆ ಒಳಗೆ ಎಡಬದಿಯ ಚಾಲಕನ ಸೀಟಿಗಲ್ಲ, ಅದರ ಪಕ್ಕದ ಸೀಟಿಗೆ ಹೋಗಿ ಕೂತರು. ಮರದ ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಬೀಗದಕೈ ಕಾರಲ್ಲೇ ಇತ್ತು.

ಅಕ್ಕ ಇಲ್‌ಯಾರ್‌ನನ್ನು ಕೊಂಚ ದೂರ ಕರೆದೊಯ್ದಳು. ನಾನೂ ಹಿಂದೆ ಹೋದೆ.

"ಯಾರ ಹತ್ತಿರ ಕೊಂಡೆ?"

"ಗಡಿಯಾಚೆ ತೊಕ್ಮೊಕ್ ಊರಿನ ಒಬ್ಬ ವಿಧವೆ ಹತ್ರ. ಗಂಡ ಗಾಡಿ ವ್ಯಾಪಾರಿಯಾಗಿದ್ದ. ಶೆಡ್ಡಲ್ಲಿ ಟಾರ್ಪಾಲಿನ್ ಹೊದಿಸಿ ಇಟ್ಟಿದ್ದನಂತೆ, ವರ್ಷಗಟ್ಟಲೆ."

"ಅವನಿಗೆ ಯಾರು ಕೊಟ್ಟರು?"

"ಸತ್ತವನನ್ನ ಹೋಗಿ ಕೇಳ್ಲಾ ಅಕ್ಕ? ಆ ಹೆಂಗಸಿಗೆ ಏನೂ ಗೊತ್ತಿಲ್ಲ." ಅವನ ಮುಖದ ನಗೆ ಮಾಯವಾಯಿತು. "ನೀವು... ಕೊಳ್ಳೋಕೆ ಬಂದವರಲ್ಲ, ಅಲ್ವಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅಕ್ಕನ ಭುಜ ಕುಸಿದದ್ದು ಕಂಡೆ. ಇದ್ದ ಒಂದು ದಾರಿಯೂ ಗೋರಿಯ ಮುಂದೆ ಹೋಗಿ ನಿಂತಿತ್ತು.

ಆಗ ಕೂಗು ಎದ್ದಿತು.

"ಓಯ್‌ಬಾಯ್! ನಿಲ್ಸೋ! ನಿಲ್ಸು!"

ಕಾರುಗಳನ್ನು ಹೇರಿಕೊಂಡ ಲಾರಿಯೊಂದು ಕಪ್ಪು ಕಾರಿನ ಮೂತಿಯತ್ತಲೇ ಹಿಂದಕ್ಕೆ ಬರುತ್ತಿತ್ತು. ನೆಲಕ್ಕಂಟಿದ ಆ ಕಾರು ಲಾರಿ ಚಾಲಕನ ಕಣ್ಣಿಗೇ ಬಿದ್ದಿಲ್ಲ. ಒಳಗೆ ಕೆನೆಕೆ — ಕಣ್ಣು ಮುಚ್ಚಿ ಕೂತಿದ್ದಾರೆ. ನಾನು ಓಡಿದೆ. ಎಲ್ಲಿಂದ ಓಡುವುದು? ದೂರವಿದ್ದೆ.

ಟೀ ಹಿಡಿದು ಬರುತ್ತಿದ್ದ ಜಂದೋಸ್ ಲೋಟಗಳನ್ನು ಎಸೆದ. ಚಾಲಕನ ಬಾಗಿಲು ತೆರೆದು ಒಳಗೆ ಹಾರಿದ. ಎಂಜಿನ್ ಗರ್ಜಿಸಿತು. ಕಾರು ಒಂದೇ ಏಟಿಗೆ ಹಿಂದಕ್ಕೆ ಸರಿಯಿತು. ಅದು ಇದ್ದ ಜಾಗದಲ್ಲಿ ಲಾರಿಯ ಕಬ್ಬಿಣದ ಹಿಂಬದಿ ಬಂದು ನಿಂತಿತು.

ಜನ ಸುತ್ತುವರಿದರು. ಲಾರಿಯವನಿಗೆ ಏಟು ಬಿದ್ದವು. ಜಂದೋಸ್‌ನ ಬೆನ್ನು ತಟ್ಟಿದರು. ಕೆನೆಕೆ ಅವನ ತಲೆಯನ್ನು ಎದೆಗೊತ್ತಿಕೊಂಡು, "ನನ್ನಪ್ಪ, ನನ್ನ ಕಂದ," ಎಂದರು. ನನ್ನ ಕಣ್ಣೂ ತುಂಬಿ ಬಂತು.

ಅಕ್ಕ ಮಾತ್ರ ಅಲುಗಾಡದೆ ನಿಂತಿದ್ದಳು. ಅವಳಿಗೆ ಹಠಾತ್ತನೆ ವಯಸ್ಸಾದಂತಿತ್ತು.

"ಕಾರನ್ನ ತಗೊಳ್ಳಿ ಕೆನೆಕೆ," ಎಂದಳು. "ಇವತ್ತೇ ಮನೆಗೆ ತಗೊಂಡು ಹೋಗೋಣ."

ಮಿರಾಸ್‌ನ ಮದುವೆಗೆಂದು ಇಟ್ಟಿದ್ದ ಹಣವಿತ್ತು. ಕೆನೆಕೆ ಚೌಕಾಸಿ ಮಾಡಲಿಲ್ಲ.

ನಾನೇ ಓಡಿಸಿಕೊಂಡು ಬಂದು, ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಮಧ್ಯಾಹ್ನದ ಬಿಸಿಲಲ್ಲಿ ಮೇಜು ಹಾಕಿ, ಹಾಲು ಬೆರೆಸಿದ ಟೀ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಬೌರ್ಸಾಕ್ ಇಟ್ಟರು. ಟೀ ಬಗ್ಗಿಸುತ್ತಿದ್ದವನು ಜಂದೋಸ್. ಅಕ್ಕ ಮುಟ್ಟಲಿಲ್ಲ.

"ಸಾಬಿತ್, ಕಾರನ್ನ ಬೀದಿಗೆ ತೆಗಿ."

"ಈಗ್ತಾನೆ ನಿಲ್ಲಿಸಿದ್ನಲ್ಲೇ?"

"ತೆಗಿ ಅಂದೆ."

ಹತ್ತಿದೆ. ಎಡಕ್ಕೆ ತಳ್ಳಿದೆ, ಬಲಕ್ಕೆ ಎಳೆದೆ, ಎತ್ತಿ ನೋಡಿದೆ. ಪ್ರತಿ ಸಲವೂ ಮೂತಿ ಗೋಡೆಯತ್ತ ಜಿಗಿಯಿತು.

"ಆಗ್ತಿಲ್ಲ."

"ಜಂದೋಸ್, ನೀನು ತೆಗಿ."

ಟೀ ಬಗ್ಗಿಸುವ ಕೈ ನಿಂತಿತು. "ನನಗೆ... ಗೇರ್ ಗಾಡಿ ಬರಲ್ಲ ಅಕ್ಕ."

"ಬೆಳಿಗ್ಗೆ ಬಂತಲ್ಲ?"

"ಅದು... ಗಾಬರಿಯಲ್ಲಿ ಹೇಗೋ..."

"ಗಾಬರಿಯಲ್ಲಿ ಎಂಜಿನ್ ಶುರು ಮಾಡಬಹುದು. ಗಾಬರಿಯಲ್ಲಿ ಯಾವುದೋ ಒಂದು ಗೇರೂ ಹಾಕಬಹುದು. ಆದ್ರೆ ಈ ಕಾರಿನ ರಿವರ್ಸ್, ಮಾರೋಕೆ ತಂದವನಿಗೇ ಸಿಕ್ಕಿರಲಿಲ್ಲ. ನಲವತ್ತು ವರ್ಷ ಓಡಿಸಿದ ನನ್ನ ತಮ್ಮನಿಗೆ ಈಗಲೂ ಸಿಗ್ತಿಲ್ಲ. ನಾವು ಪರದಾಡಿದಾಗ ನೀನು ಟೀ ಅಂಗಡಿಯಲ್ಲಿದ್ದೆ, ರಿವರ್ಸ್ ಕಷ್ಟ ಅಂತಲೂ ನಿನಗೆ ಗೊತ್ತಿರಲಿಲ್ಲ. ಹತ್ತಿದೆ, ಒಂದೇ ಸಲಕ್ಕೆ ಹಾಕಿದೆ. ಎಲ್ಲರೂ ಉಳಿದ ಜೀವ ನೋಡ್ತಿದ್ರು. ನಾನು ನಿನ್ನ ಬಲಗೈ ನೋಡಿದೆ." ಅಕ್ಕನ ದನಿ ಏರಲಿಲ್ಲ. "ಯಾವ ಡ್ರೈವರ್ ಸೀಟಲ್ಲಿ ಒಂದು ದಿನವೂ ಕೂತಿಲ್ಲ ಅಂತ ನನಗೆ ಹೇಳಿದ್ದೆ?"

"ಗೌಹಾರ್, ಏನು ಮಾತು ಇದು!" ಕೆನೆಕೆ ಎದ್ದು ನಿಂತರು. "ಇವನು ನನ್ನ ಮಗ!"

"ಅದಕ್ಕೇ ಕೆನೆಕೆ. ನಿಮ್ಮನ್ನ ಪ್ರೀತಿಸದೇ ಇದ್ದಿದ್ರೆ ಇವನು ಆ ಕಾರು ಹತ್ತುತ್ತಲೇ ಇರಲಿಲ್ಲ. ನನಗೆ ಎಂದಿಗೂ ಗೊತ್ತಾಗ್ತಿರಲಿಲ್ಲ."

ಜಂದೋಸ್ ಕೆಟಲನ್ನು ಕೆಳಗಿಟ್ಟ.

"ಗುಂಡನ್ನ ಕೆಳಗೆ ಒತ್ತಬೇಕು," ಎಂದ. "ಒತ್ತಿ, ತನ್ನ ಕಡೆ ಎಳ್ಕೊಂಡು, ಮುಂದಕ್ಕೆ ತಳ್ಳಬೇಕು. ಮಿರಾಸ್ ಹೇಳಿಕೊಟ್ಟಿದ್ದು."

ಕೆನೆಕೆ ಕಾರಿನ ಕಡೆ ತಿರುಗಿ ನೋಡಿದರು.

"ಗುಟ್ಟಾಗಿ ಕಲಿಸ್ತಿದ್ದ. ಪೂರ್ತಿ ಕಲಿತ ಮೇಲೆ ನಿಮಗೆ ತೋರಿಸೋಣ ಅಂದಿದ್ದ ಕೆನೆಕೆ. ಆವತ್ತು ಬೆಟ್ಟದ ರಸ್ತೆಗೆ ಹೋಗಿದ್ವಿ. ತಿರುಗಿಸಬೇಕಿತ್ತು. ಅವನು ಇಳಿದು ಹಿಂದೆ ನಿಂತು 'ಬಾ, ಬಾ' ಅಂತಿದ್ದ. ನಾನು ಕ್ಲಚ್ ಬಿಟ್ಟೆ. ಒಮ್ಮೆಲೇ ಬಿಟ್ಟುಬಿಟ್ಟೆ."

"ಕಣಿವೆಗೆ ಬಿದ್ದನಾ?" ಅಕ್ಕ ಕೇಳಿದಳು.

ತಲೆಯಾಡಿಸಿದ.

"ಅಲ್ಲಿಯವರೆಗೂ ಅದು ಅಪಘಾತ. ಆಮೇಲೆ?"

"ಅಂಚಿಗೆ ಹೋಗಿ ಕೂಗಿದೆ."

"ಉತ್ತರ ಬಂತಾ?"

ಜಂದೋಸ್ ಕೆಟಲಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

"ಬಂತು."

ಕೆನೆಕೆಯ ಕೈ ಮೇಜಿನ ಅಂಚನ್ನು ಹಿಡಿಯಿತು. "ಏನಂದ?"

"'ಹೆದರಬೇಡ ಕಣೋ, ಕಾಲು ಮುರಿದಿದೆ ಅಷ್ಟೇ. ಹೋಗಿ ಯಾರನ್ನಾದ್ರೂ ಕರ್ಕೊಂಡು ಬಾ' ಅಂದ."

"ಕರ್ಕೊಂಡು ಬಂದ್ಯಾ?"

"ಕೆಳಗೆ ಬಂದೆ. ರಸ್ತೆ ಪಕ್ಕ, ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನ ಕಾಪಾಡೋ ರಕ್ಷಣಾ ದಳದವರ ಠಾಣೆ ಇತ್ತು, ಬಾಗಿಲಲ್ಲಿ ಒಬ್ಬ ಸಿಗರೇಟು ಸೇದ್ತಾ ನಿಂತಿದ್ದ. ನಿಲ್ಲಿಸ್ತೀನಿ ಅಂದ್ಕೊಂಡೆ. ಲೈಸೆನ್ಸ್ ಇಲ್ಲ, ಜೈಲಿಗೆ ಹಾಕ್ತಾರೆ ಅನ್ನಿಸ್ತು. ಮುಂದಿನ ತಿರುವಿನಲ್ಲಿ ನಿಲ್ಲಿಸ್ತೀನಿ ಅಂದ್ಕೊಂಡೆ. ಹಾಗೇ ಗಡಿವರೆಗೂ ಓಡಿಸ್ತಾ ಹೋಗಿಬಿಟ್ಟೆ. ಕಾರು ಅಲ್ಲಿ ಯಾರಿಗೋ ಕೊಟ್ಟೆ. ಮಾರನೇ ದಿನ ಹೋಗಿ ಕೂಗಿದೆ ಕೆನೆಕೆ, ಗಂಟಲು ಹರಿಯೋ ಹಾಗೆ ಕೂಗಿದೆ..."

ಅವನು ಮುಗಿಸಲಿಲ್ಲ. ಮುಗಿಸುವಂಥದ್ದೂ ಇರಲಿಲ್ಲ.

ಕೆನೆಕೆ ಕೂಗಾಡುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಇವತ್ತು ನನ್ನನ್ನ ಯಾಕೆ ಉಳಿಸಿದೆ?"

ಅಕ್ಕ ಎದ್ದು ಹೋಗಿ ತನ್ನ ಹಳೆಯ ಠಾಣೆಗೆ ಫೋನ್ ಮಾಡಿದಳು. ಪೊಲೀಸರು ಬರುವ ತನಕ ನಾವು ನಾಲ್ವರೂ ಅದೇ ಮೇಜಿನ ಸುತ್ತ ಕೂತಿದ್ದೆವು.

ಮಾರನೆಯ ದಿನ ಬೆಟ್ಟಕ್ಕೆ ಹೋದೆವು. ಜಂದೋಸ್‌ನ ಕೈಗೆ ಕೋಳ ಹಾಕಿ ಪೊಲೀಸ್ ಜೀಪಿನಲ್ಲಿ ತಂದಿದ್ದರು. ರಕ್ಷಣಾ ದಳದ ಅಧಿಕಾರಿಯೊಬ್ಬ ಜೊತೆಗಿದ್ದ. ಅಂಚಿಗೆ ಬಂದು ಕೆಳಗೆ ನೋಡಿದ ಅವನು ಅಕ್ಕನ ಕಡೆ ತಿರುಗಿದ.

"ಆ ವರ್ಷ ಮೇಲಿನ ಹಿಮದ ಕೊಳ ಒಡೀತಲ್ಲ ಮೇಡಂ. ಕಲ್ಲು, ಕೆಸರು, ಮರ — ಎಲ್ಲಾ ಈ ಕಣಿವೆಗೇ ಬಂತು. ಯಂತ್ರ ಇಳಿಸೋಕೂ ದಾರಿ ಇಲ್ಲ. ಅಗೆಯೋದಾದ್ರೂ ಎಲ್ಲಿಂದ ಅಗೆಯೋದು?"

ಕೆಳಗೆ ಮನೆಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ಸಂದಿಯಲ್ಲಿ ಎಲ್ಲೋ ನೀರು ಹರಿಯುವ ಸದ್ದು.

ಕೆನೆಕೆ ಮಂಡಿಯೂರಿದರು. ತೀರಿಕೊಂಡವರಿಗಾಗಿ ಪ್ರಾರ್ಥನೆ ಓದಲು ಎರಡೂ ಅಂಗೈ ಬೊಗಸೆ ಮಾಡಿ ಎತ್ತಿದರು. ಓದಲಿಲ್ಲ. ತಲೆ ತಿರುಗಿಸಿ ಜಂದೋಸ್‌ನನ್ನು ನೋಡಿದರು. ನಿನ್ನೆಯಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ.

"ಎಲ್ಲಿ?"

ಜಂದೋಸ್ ಕೋಳ ತೊಟ್ಟ ಕೈಗಳನ್ನು ಎತ್ತಿ ತೋರಿಸಿದ. "ಅಲ್ಲಿ... ಇಲ್ಲ, ಆ ಬಂಡೆ ಆಗ ಇರಲಿಲ್ಲ. ಒಂದು ಫರ್ ಮರ ಇತ್ತು. ಅದರ ಈಚೆಗೆ... ಇಲ್ಲ, ಕೆನೆಕೆ... ಆಚೆಗೆ..."

ಅವನ ಕೈ ಕಣಿವೆಯ ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೆ ಈಚೆಗೆ ಬಂತು, ಎಲ್ಲಿಯೂ ನಿಲ್ಲಲಿಲ್ಲ. ಕೆನೆಕೆ ಬೊಗಸೆ ಹಿಡಿದೇ ಆ ಕೈ ಹೋದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದರು.