ಮಜ್ಜಿಗೆ ಬಾರದ ಪಂಕ್ತಿ

ಸ್ಮೃತಿಪಟ್ಟಿಯನ್ನು ಹಣೆಗೆ ಕಟ್ಟಿಕೊಂಡ ಕೂಡಲೇ ಸುತ್ತಲೂ ನಾಲ್ಕು ಗೋಡೆಗಳು ಎದ್ದು ನಿಲ್ಲುತ್ತಿದ್ದವು. ಕಟ್ಟಿದವರ ನೆನಪೇ ಇಟ್ಟಿಗೆ, ನೆನಪೇ ಗಾರೆ. ತಿಪಟೂರಿನ ಆಟದ ಕೂಟದವರು ಇಂಥ ಮಾಯಾಕೋಣೆಗಳನ್ನು ಕಟ್ಟಿ, ಒಬ್ಬರ ಕೋಣೆಯಲ್ಲಿ ಇನ್ನೊಬ್ಬರು ಸಿಕ್ಕಿಕೊಂಡು, ಒಗಟು ಬಿಡಿಸಿ ಪಾರಾಗುವುದರಲ್ಲೇ ಭಾನುವಾರ ಕಳೆಯುತ್ತಿದ್ದರು. ಮನೆಯಲ್ಲಿ ಕೆಟ್ಟ ಚಿಲಕ ರಿಪೇರಿ ಮಾಡಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಕೂಟದ ಕಟ್ಟಳೆ ಒಂದೇ: ಕಟ್ಟಿದವರು ಮೊದಲು ತಾವೇ ಹೊಕ್ಕು ಹೊರಬಂದು ತೋರಿಸಬೇಕು.

ಕನ್ನಡಕದ ಅಂಗಡಿಯ ಮರುಳಯ್ಯ ತಾವು ಕಟ್ಟಿದ ಕೋಣೆಯನ್ನು ಬೆಳಿಗ್ಗೆ ಹೊಕ್ಕವರು ಸಂಜೆಯಾದರೂ ಹೊರಬರಲಿಲ್ಲ. ದೇಹ ಕೂಟದ ಕುರ್ಚಿಯಲ್ಲೇ ಕೂತಿತ್ತು. ಸಕ್ಕರೆ ಕಾಯಿಲೆಯ ಮನುಷ್ಯ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೆಂಡತಿ ಸರ್ವಮಂಗಳಮ್ಮ ಹೆದರಿಹೋಗಿದ್ದರು.

"ಅದನ್ನ ಕಿತ್ತು ಬಿಸಾಕಬಾರದೇನಮ್ಮಾ?" ಎಂದು ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ವಾರಿಜಾರನ್ನು ಕೇಳಿದರು.

"ಬೇಡ. ಬಲವಂತವಾಗಿ ತೆಗೆದರೆ ಮಾತೇ ನಿಂತುಹೋಗಬಹುದು. ಬಾಗಿಲು ಒಳಗಿಂದಲೇ ತೆರೆಯಬೇಕು."

ಕೂಟದ ಘಟಾನುಘಟಿಗಳೆಲ್ಲ ಒಳಗೆ ಹೋಗಿ ಪೆಚ್ಚುಮೋರೆ ಹಾಕಿಕೊಂಡು ಬಂದರು. ಅಲ್ಲಿ ಬೀಗವೇ ಇರಲಿಲ್ಲ. ಒಂದು ನಡುಮನೆ, ಎರಡು ಬಾಳೆಲೆ. ಒಂದರ ಮುಂದೆ ಮರುಳಯ್ಯ, ಇನ್ನೊಂದರ ಮುಂದೆ ಸಾರನ್ನ ಉಣ್ಣುತ್ತಿರುವ ಒಬ್ಬ ಮುದುಕರು. ಪಂಕ್ತಿ ಎದ್ದರೆ ಬಾಗಿಲು ತೆರೆಯಬೇಕು. ಆದರೆ ಮುದುಕರ ಎಲೆ ಬರಿದಾಗುತ್ತಲೇ ಇರಲಿಲ್ಲ, ಹಿರಿಯರು ಉಣ್ಣುತ್ತಿರುವಾಗ ಮರುಳಯ್ಯ ಏಳುವಂತೆಯೂ ಇರಲಿಲ್ಲ.

"ನಮ್ಮ ಮಾವನವರು," ಎಂದರು ಸರ್ವಮಂಗಳಮ್ಮ. "ಸಾರನ್ನ ಉಣ್ತಾ ಉಣ್ತಾನೇ ಎದೆ ಹಿಡ್ಕೊಂಡು ಒರಗಿಬಿಟ್ರು. ಅವತ್ತು ಮಜ್ಜಿಗೆ ಬಡಿಸೋದೇ ಆಗ್ಲಿಲ್ಲ."

ವಾರಿಜಾ ಯೋಚಿಸಿದರು. "ಪಟ್ಟಿ ನೆನಪನ್ನಷ್ಟೇ ಓದುತ್ತದೆ. ಆ ಊಟದ ಕೊನೆ ನಿಮ್ಮವರ ನೆನಪಿನಲ್ಲೇ ಇಲ್ಲ, ಕಟ್ಟುವಾಗ ಬೇರೆ ಕೊನೆ ಸೇರಿಸುವುದನ್ನೂ ಮರೆತಿದ್ದಾರೆ. ಒಳಗೆ ಹೋದವರ ನೆನಪೂ ಕೋಣೆಗೆ ಸೇರುತ್ತದೆ. ಆ ಮನೆಯನ್ನು ಬಲ್ಲವರು ಹೋದರೆ ಏನಾದರೂ ಆದೀತು."

"ಆ ಅಡುಗೆಮನೇಲಿ ಹತ್ತು ವರ್ಷ ಬೆಂದವಳು ನಾನು. ನನಗೆ ಕಟ್ಟಿ."

ಒಳಗೆ ಮಾವನವರನ್ನು ಕಂಡೊಡನೆ ಅವರು ಸೆರಗು ಹೊದ್ದುಕೊಂಡರು. ಮಜ್ಜಿಗೆಯ ತಂಬಿಗೆ ಅದರ ಹಳೆಯ ಜಾಗದಲ್ಲೇ ಇತ್ತು. ಅದನ್ನು ತಂದಾಗ ಮರುಳಯ್ಯ ಕೈ ಅಡ್ಡ ಹಿಡಿದರು. ತನಗೆ ಬೇಡ ಅನ್ನುತ್ತಿದ್ದಾರೆಂದುಕೊಂಡು ಸರ್ವಮಂಗಳಮ್ಮ ಮಾವನವರಿಗೆ ಬಡಿಸಿದರು. ಮುದುಕರು ಮಜ್ಜಿಗೆ ಅನ್ನ ಕಲಸಿ ಉಂಡರು. "ಸಾಕು ತಾಯಿ," ಎಂದು ಎಲೆ ಮಡಚಿ ಎದ್ದರು. ಬಾಗಿಲು ತೆರೆಯಿತು.

ಹೊರಗೆ ಮರುಳಯ್ಯ ಕಣ್ಣು ಬಿಟ್ಟರು. ವಾರಿಜಾ ಗ್ಲೂಕೋಸ್ ನೀರು ಕುಡಿಸಿದರು. "ಮಜ್ಜಿಗೆ ಇಡೋದನ್ನೇ ಮರೆತುಬಿಟ್ಟಿದ್ರಲ್ಲ ಸಾರ್!" ಎಂದು ಸಮಾಧಾನದಿಂದ ನಕ್ಕರು.

"ಮರೆತಿರಲಿಲ್ಲಮ್ಮ," ಎಂದರು ಮರುಳಯ್ಯ.

ಅಡ್ಡ ಹಿಡಿದ ಆ ಕೈ ಏನು ಹೇಳಿತ್ತೆಂದು ಸರ್ವಮಂಗಳಮ್ಮನಿಗೆ ಆಗ ತಿಳಿಯಿತು: ಅಪ್ಪನ ಊಟ ಮುಗಿಯುವುದು ಬೇಡ. ಸಂಕಟವಾಯಿತು. ಆದರೆ ತಾನು ಮಾಡಿದ್ದು ತಪ್ಪೆನ್ನುವಂತೆಯೂ ಇರಲಿಲ್ಲ.

ಮನೆಯಲ್ಲಿ ಊಟಕ್ಕೆ ಬಡಿಸಿದಾಗ ಮಜ್ಜಿಗೆಯನ್ನು ಬೇಕೆಂದೇ ಒಳಗೆ ಬಿಟ್ಟರು. ಮರುಳಯ್ಯ ಸಾರನ್ನ ಮುಗಿಸಿದರು. ಕೈ ಒಣಗುವವರೆಗೂ ತಟ್ಟೆಯ ಮುಂದೆ ಕೂತಿದ್ದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕರೆದರು.

"ಮಂಗಳಾ, ಮಜ್ಜಿಗೆ ತಗೊಂಡು ಬಾ."