ತೊಳೆದ ಮರಳು

1987ರ ಮಾರ್ಚ್ 14, ಶನಿವಾರ, ಬೆಳಗ್ಗೆ 8.10. ಉರುಗ್ವೆಯ ರೋಚಾ ಕರಾವಳಿಯ ಠಾಣೆಗೆ ಇಸ್ಮಾಯೆಲ್ ಕುರ್ಬೆಲೊ ಏದುಸಿರು ಬಿಡುತ್ತ ಬಂದ. ಅವನು ಊರಿನ ಮರಳು ಪ್ರಯೋಗಾಲಯದ ಸಹಾಯಕ.

"ಸರ್, ನಮ್ಮ ಪ್ರೊಫೆಸರ್ ಎಚೆಗರಾಯ್ ಮರಳುದಿಬ್ಬದ ಮೇಲೆ ಸತ್ತು ಬಿದ್ದಿದಾರೆ. ತಲೆ ಒಡೆದಿದೆ."

ಇನ್‌ಸ್ಪೆಕ್ಟರ್ ಹೆಬರ್ ತೆಚೇರಾ ಚಹಾದಂತೆ ಹೀರುವ 'ಮಾತೆ' ಎಂಬ ಕಷಾಯದ ಸೋರೆಬುರುಡೆ ಕೆಳಗಿಟ್ಟರು. "ಯಾರ ಮೇಲಾದ್ರೂ ಅನುಮಾನ?"

"ಮೀನು ಹಿಡಿಯೋ ನೆಲ್ಸನ್ ಪಿಂತೋಸ್. ಪ್ರೊಫೆಸರ್ ನೆಟ್ಟ ಗೂಟಕ್ಕೆ ಸಿಕ್ಕಿ ಬಲೆ ಹರೀತು ಅಂತ, ಕೊಂದೇ ಬಿಡ್ತೀನಿ ಅಂದಿದ್ದ."

FIR ಆಯಿತು. 10.30ಕ್ಕೆ ಪಂಚನಾಮೆ. ಹೆಣದ ಕೆಳಗಿನ ಮರಳು ಒಂದು ಪೊಟ್ಟಣ. ನೆಲ್ಸನ್‌ನ ಗುಡಿಸಲಲ್ಲಿದ್ದ ಬೂಟಿನೊಳಗಿನ ಮರಳು ಇನ್ನೊಂದು. ದಿಬ್ಬದ ಕಡೆ ತಿಂಗಳಿಂದ ಕಾಲಿಟ್ಟಿಲ್ಲ ಎಂದು ನೆಲ್ಸನ್ ಆಣೆ ಮಾಡಿದ. ಆಣೆಗೆ ಯಾರು ಬೆಲೆ ಕೊಡುತ್ತಾರೆ! ಎರಡೂ ಪೊಟ್ಟಣದಿಂದ ಅರ್ಧರ್ಧ ಮರಳು ಕುರ್ಬೆಲೊನ ಕೈಗೇ ಹೋಯಿತು. ಊರಲ್ಲಿ ಜರಡಿ ಹಿಡಿದು ಮರಳು ಪರೀಕ್ಷಿಸಲು ಗೊತ್ತಿದ್ದವನು ಅವನೊಬ್ಬನೇ. ಸಂಜೆಗೆ ವರದಿ ಬಂತು: ಕಾಳಿನ ಸರಾಸರಿ ಗಾತ್ರ ಒಂದೇ, ಹರವು ಒಂದೇ.

"ಎರಡೂ ಅದೇ ದಿಬ್ಬದ್ದು, ಸರ್."

ಕಾನ್‌ಸ್ಟೇಬಲ್ ವಿಲ್ಮಾರ್ ಎರಡು ದಿನ ನೆಲ್ಸನ್‌ಗೆ ಬಡಿದ. "ಒಪ್ಕೊಂಡ್ಬಿಡೋ, ನನ್ ಕೈ ನೋಯ್ತಿದೆ" ಎಂದು ನಗುತ್ತಲೇ ಬಡಿದ. ಬಲಗೈಯ ಎರಡು ಬೆರಳು ಮುರಿದವು. ಬಲೆ ಹೆಣೆಯುವ ಕೈ ಅದು. ಪಕ್ಕದ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರು ಏನೂ ಕೇಳಿಸಲಿಲ್ಲ ಎಂದು ದಿನಚರಿಯಲ್ಲಿ ಬರೆದರು. ಥೂ! ಬುಧವಾರ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ನೆಲ್ಸನ್‌ಗೆ ಇಪ್ಪತ್ತು ವರ್ಷ ಜೈಲು ಖಂಡಿತ.

ಆದರೂ ಇನ್‌ಸ್ಪೆಕ್ಟರಿಗೆ ಒಂದು ಕಸಿವಿಸಿ. ಪ್ರಯೋಗಾಲಯದ ಹಳೆಯ ವರದಿಗಳಲ್ಲೆಲ್ಲ ಸರಾಸರಿ, ಹರವು, ಕಾಳುಗಳು ಸಣ್ಣದರ ಕಡೆಗೋ ದಪ್ಪದರ ಕಡೆಗೋ ಎಂದು ಹೇಳುವ ವಾಲಿಕೆ, ಹೀಗೆ ಮೂರು ಸಂಖ್ಯೆ. ಈ ವರದಿಯಲ್ಲಿ ವಾಲಿಕೆಯ ಜಾಗ ಖಾಲಿ. ಉಳಿದ ಮರಳನ್ನು ಮೊಂತೆವಿದೆಯೊಗೆ ಕಳಿಸಿದರು.

17ನೇ ತಾರೀಕು, ಮಂಗಳವಾರ, ಸಂಜೆ 4 ಗಂಟೆ. ಅಲ್ಲಿನ ಮರಳುತಜ್ಞೆ ಸುಲ್ಮಾ ಬೆಂತಾಂಕೋರ್ ಫೋನ್ ಮಾಡಿದರು.

"ಸರಾಸರಿ, ಹರವು ಹೆಚ್ಚುಕಮ್ಮಿ ಒಂದೇ, ಇನ್‌ಸ್ಪೆಕ್ಟ್ರೇ. ವಾಲಿಕೆ ಬೇರೆ. ನಕ್ಷೆ ಬರೆದ್ರೆ ದಿಬ್ಬದ ಮರಳಿನ ಗೆರೆಗೆ ಸಣ್ಣ ಕಾಳಿನ ಕಡೆ ಉದ್ದ ಬಾಲ ಇದೆ, ಗಾಳಿ ತಂದ ಧೂಳು ಅದು. ಬೂಟಿನ ಮರಳಿಗೆ ಆ ಬಾಲಾನೇ ಇಲ್ಲ."

"ಅಂದ್ರೆ?"

"ಯಾರೋ ಸಿಹಿನೀರಲ್ಲಿ ತೊಳೆದಿದಾರೆ. ಜರಡಿಗೆ ಹಾಕೋ ಮುಂಚೆ ಪ್ರಯೋಗಾಲಯದಲ್ಲಿ ನಾವು ಮಾಡೋದೇ ಹಾಗೆ. ಉಪ್ಪೂ ಇಲ್ಲ. ಅಲ್ರೀ, ಮೀನುಗಾರನ ಬೂಟಲ್ಲಿ ಉಪ್ಪಿಲ್ಲದ ಮರಳಾ!"

5.20ಕ್ಕೆ ಇನ್‌ಸ್ಪೆಕ್ಟರು ಪ್ರಯೋಗಾಲಯದ ಬಾಗಿಲಲ್ಲಿದ್ದರು.

"ಬೂಟಿನ ಮರಳನ್ನ ಯಾರೋ ತೊಳೆದಿದಾರೆ, ಕುರ್ಬೆಲೊ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕುರ್ಬೆಲೊನ ಕಣ್ಣು ಕಪಾಟಿನತ್ತ ಹೋಯಿತು. ದಿಬ್ಬದ ಮರಳು ಎಂದು ಚೀಟಿ ಅಂಟಿಸಿದ್ದ ಒಂದು ಸೀಸೆ ಅರ್ಧ ಖಾಲಿ. ಕೆಳಗಿನ ಖಾನೆಯಲ್ಲಿ ಕಲ್ಲು ಒಡೆಯುವ ಸುತ್ತಿಗೆ, ಹಿಡಿಯಲ್ಲಿ ರಕ್ತದ ಕಲೆ.

"ಹತ್ತೊಂಬತ್ತು ವರ್ಷದ ಅಭ್ಯಾಸ ಸರ್. ತೊಳೆಯದೆ ಇರೋ ಮರಳು ಈ ಕೋಣೇಲಿ ಇಡೋದೇ ಇಲ್ಲ. ಅವನ ಬೂಟಿಗೆ ನಾನು ಸುರಿದದ್ದೂ ತೊಳೆದದ್ದೇ ಅಂತ ಜರಡಿ ಹಿಡಿದ ಮೇಲೇ ಹೊಳೀತು."

5.45ಕ್ಕೆ ಬಂಧನ.

"ಯಾಕೆ ಕೊಂದೆ?"

"ಪ್ರೊಫೆಸರ್ ಬರೀತಿದ್ದ ಮರಳಿನ ಪುಸ್ತಕದಲ್ಲಿ ನನ್ನ ಹೆಸರೂ ಹಾಕಿ ಅಂದೆ. ಮರಳು ತೊಳೆದ ಕೆಸರುನೀರು ಇತ್ತಲ್ಲ, ಹುಡುಗರ ಮುಂದೇನೆ ನನ್ನ ತಲೆ ಮೇಲೆ ಸುರಿದ್ರು. ನೀನೂ ಇಷ್ಟೇ ಕಣೋ, ತೊಳೆದು ಚೆಲ್ಲೋ ಧೂಳು ಅಂದ್ರು."

"ನೆಲ್ಸನ್ ಏನು ಮಾಡಿದ್ದ ನಿಂಗೆ?"

"ಅವತ್ತು ಮೀನು ಕೊಡೋಕೆ ಬಂದಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕ."

ಬುಧವಾರ ಬೆಳಗ್ಗೆ 9ಕ್ಕೆ ನೆಲ್ಸನ್‌ನ ಬಿಡುಗಡೆ. ಊದಿದ ಬಲಗೈಯನ್ನು ಎದೆಗೊತ್ತಿಕೊಂಡು ಎಡಗೈಯಲ್ಲೇ ಬೂಟು ಏರಿಸುತ್ತಿದ್ದ. ಇನ್‌ಸ್ಪೆಕ್ಟರು ಎಲ್ಲ ಹೇಳಿ, ಅವತ್ತು ಯಾಕೆ ನಕ್ಕೆ ಎಂದು ಕೇಳಿದರು.

ನೆಲ್ಸನ್ ಬೂಟು ಏರಿಸುವುದನ್ನು ಬಿಟ್ಟು ತಲೆಯೆತ್ತಿದ.

"ನಕ್ಕಿದ್ನಾ? ನೆನಪಿಲ್ಲ ಸರ್."