ಹದಿನೇಳನೆಯ ಟೇಕ್

"ಇದನ್ನ ಸಿನಿಮಾ ಮಾಡಿ, ಬೇಡ ಅನ್ನಲ್ಲ. ಆದ್ರೆ ಸತ್ತ ಮೇಲೆ ಅವಳು ಎದ್ದು ನಿಲ್ಲೋದನ್ನ ಮಾತ್ರ ಬಿಡಬೇಡಿ."

ರಂಗಮಂದಿರದ ಪ್ರಾಂಪ್ಟರ್ ಅಜ್ಜಿ ಹೀಗೆ ಹೇಳಿದಾಗ ನಿರ್ದೇಶಕ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದ. ನಲವತ್ತು ವರ್ಷ ವೇದಿಕೆಯ ಮುಂದಿನ ಗೂಡಿನಲ್ಲಿ ಕೂತು, ಹಾಡುಗಾರರು ಮರೆತ ಸಾಲುಗಳನ್ನು ಪಿಸುಗುಟ್ಟಿ ಪಿಸುಗುಟ್ಟಿ, ಅವಳಿಗೆ ಗಟ್ಟಿಯಾಗಿ ಮಾತಾಡುವುದೇ ಮರೆತುಹೋಗಿತ್ತು.

"ಸತ್ತವಳು ಎದ್ದು ನಿಂತ್ರೆ ಜನ ನಗ್ತಾರೆ ಅಜ್ಜಿ," ಅಂದ ನಿರ್ದೇಶಕ. ಸುತ್ತಲಿದ್ದವರು ನಕ್ಕರು.

ನೂರು ವರ್ಷ ಹಳೆಯ ಒಪೆರಾ ಅದು. ಮೊದಲಿನಿಂದ ಕೊನೆಯವರೆಗೆ ಮಾತೆಲ್ಲ ಹಾಡೇ. ಗಾಜು ಊದುವವನ ಮಗಳು, ಪ್ರಿಯಕರನಿಗೆಂದು ಇಟ್ಟ ವಿಷವನ್ನು ತಾನೇ ಕುಡಿದು ಹನ್ನೊಂದು ನಿಮಿಷ ಹಾಡಿ ಸಾಯುತ್ತಾಳೆ. ನಿರ್ದೇಶಕ ಅದನ್ನು ಮೂರು ನಿಮಿಷಕ್ಕೆ ಇಳಿಸಿದ್ದ. ವಿಷ ಕುಡಿದವಳು ಅಷ್ಟು ಹೊತ್ತು ಹಾಡಿದರೆ ಪ್ರೇಕ್ಷಕರೇ ಆಂಬುಲೆನ್ಸ್ ಕರೆಸುತ್ತಾರೆ ಎಂದು ಅವನು ತಮಾಷೆ ಮಾಡುತ್ತಿದ್ದ. ಒಪೆರಾ ಅವನಿಗೆ ಹೊಸದು. ಆದರೆ ನಾಯಕಿಯಾಗಿ ಹಾಡುವವಳು ಅವನ ಒಡಹುಟ್ಟಿದ ತಂಗಿ. ಒಂಬತ್ತು ವರ್ಷದಿಂದ ಇದೇ ವೇದಿಕೆಯಲ್ಲಿ ಸಾಯುತ್ತ ಬಂದವಳು.

ಅಜ್ಜಿ ಬಿಡಲಿಲ್ಲ. ಮೊಟ್ಟಮೊದಲು ಈ ಪಾತ್ರ ಮಾಡಿದ ಹುಡುಗಿಗೆ ಮೈ ಸುಡುವ ಜ್ವರವಿತ್ತಂತೆ. ರಂಗಮಂದಿರದ ಒಡೆಯ ಕೇಳದೆ ಹಾಡಿಸಿದ. ಅವಳು ನಿಜವಾಗಿಯೇ ಸತ್ತಳು. ಜನ ನಟನೆಯೆಂದುಕೊಂಡು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಹುಡುಗಿಯ ತಾಯಿ ಮಾಟ ಬಲ್ಲವಳು. ಮಗಳ ಕೂದಲನ್ನು ಸುಟ್ಟು, ಬೂದಿಯನ್ನು ವೇದಿಕೆಯ ಹಲಗೆಗಳ ಕೆಳಗೆ ಹೂತಳು. ಈ ಸಾವನ್ನು ನೋಡಿದ ಪ್ರತಿ ಕಣ್ಣೂ ಅವಳು ಏಳುವುದನ್ನೂ ನೋಡಬೇಕು. ನೋಡದೆ ಹೋದರೆ, ಸತ್ತಂತೆ ನಟಿಸಿದವಳು ಏಳಲಾರಳು ಎಂದು ಶಪಿಸಿದಳು. ಅಂದಿನಿಂದ ಕೊನೆಗೆ ಪರದೆ ಮತ್ತೆ ತೆರೆಯುತ್ತದೆ, ನಾಯಕಿ ಎದ್ದು ಬಂದು ತಲೆಬಾಗುತ್ತಾಳೆ. ಅಷ್ಟಾಗುವವರೆಗೂ ಬಾಗಿಲು ಕಾಯುವವರು ಒಬ್ಬರನ್ನೂ ಹೊರಗೆ ಬಿಡುವುದಿಲ್ಲ.

"ಅದು ಮಾಟ ಅಲ್ಲ ಅಜ್ಜಿ, ಪ್ರೇಕ್ಷಕರಿಗೆ ಸಲ್ಲಿಸೋ ಮರ್ಯಾದೆ," ಎಂದು ನಿರ್ದೇಶಕ ಆಕಳಿಸಿದ.

ಸಾವಿನ ದೃಶ್ಯಕ್ಕೆ ಹದಿನೇಳು ಟೇಕ್ ಆಯಿತು. ಒಂದರಲ್ಲಿ ಬೆಳಕು ಸರಿಯಿಲ್ಲ, ಇನ್ನೊಂದರಲ್ಲಿ ಯಾರೋ ಕೆಮ್ಮಿದರು, ಮತ್ತೊಂದರಲ್ಲಿ ರೆಪ್ಪೆ ಅಲುಗಿತು. ಪ್ರತಿ ಸಲವೂ ತಂಗಿ ಬಿದ್ದಳು, ಎದ್ದಳು, ನೀರು ಕುಡಿದಳು, ಮತ್ತೆ ಬಿದ್ದಳು. ಹಳೆಯ ಮಖಮಲ್ಲು, ಬೆವರು, ಕಾದ ದೀಪಗಳ ವಾಸನೆಗೆ ಎಲ್ಲರ ತಲೆ ಸಿಡಿಯುತ್ತಿತ್ತು. ಹದಿನೇಳನೆಯದು ಸರಿಬಂತು. ನಿರ್ದೇಶಕ "ಪ್ಯಾಕಪ್!" ಎಂದು ಕೂಗಿದ. ಸಾಕಾಗಿ ಹೋಗಿದ್ದ ಜನ ಫಟಫಟನೆ ದೀಪ ಆರಿಸಿ ಹೊರಗೆ ನುಗ್ಗಿದರು. ಅವನೂ ನುಗ್ಗಿದ. ಆ ಕತ್ತಲೆಯಲ್ಲಿ ತಂಗಿಯನ್ನು ಯಾರೂ ನೋಡಲಿಲ್ಲ.

ಮರುದಿನದಿಂದ ಅವಳಿಗೆ ಹಾಸಿಗೆ ಬಿಟ್ಟು ಏಳುವುದು ಕಷ್ಟವಾಯಿತು. ಅಮ್ಮ ಕೈಹಿಡಿದು ಎಬ್ಬಿಸಬೇಕಿತ್ತು. ಸಂಕಲನದ ಕೋಣೆಯಲ್ಲಿ ಮೊದಲ ಸಲ ಆ ದೃಶ್ಯ ಓಡಿದ ದಿನ ಅವಳು ಸ್ನಾನದ ಮನೆಯಲ್ಲಿ ಕುಸಿದಳು. ನಿರ್ಮಾಪಕ ತನ್ನ ಕಡೆಯ ಹತ್ತು ಜನರನ್ನು ಕೂರಿಸಿಕೊಂಡು ನೋಡಿದ ದಿನ ಮೆಟ್ಟಿಲ ಮೇಲೆ ಬಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ದಣಿವು, ಅಷ್ಟೇ ಅಂದರು.

"ಮನೆಯಲ್ಲಿ ಕೂದಲು ಸುಟ್ಟ ವಾಸನೆ ಕಣೋ," ಅಂದಳು ಅಮ್ಮ. "ಎಲ್ಲಿಂದ ಅಂತಾನೇ ಗೊತ್ತಾಗ್ತಿಲ್ಲ."

"ಅಡುಗೆಮನೆ ವೈರಿಂಗ್ ಇರ್ಬೇಕು, ನೋಡಿಸ್ತೀನಿ ಬಿಡಮ್ಮ." ಅವನಿಗೂ ದಣಿವು. ಅಮ್ಮನ ಮಾತನ್ನು ಪೂರ್ತಿ ಕೇಳುವಷ್ಟೂ ಚೈತನ್ಯ ಉಳಿದಿರಲಿಲ್ಲ.

ಗುರುವಾರ ಬೆಳಿಗ್ಗೆ ಸಂಕಲನಕಾರ್ತಿ ಅವನನ್ನು ಕರೆದು ಕಿವಿಗೆ ಹೆಡ್‌ಫೋನ್ ಕೊಟ್ಟಳು. ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವಂಥ ಹೆಂಗಸು. ಆವತ್ತು ಮಾತ್ರ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದಳು.

"ಪ್ಯಾಕಪ್ ಆದ್ಮೇಲೂ ಮೈಕ್ ಆಫ್ ಮಾಡಿಲ್ಲ ಸರ್. ಕೇಳಿ."

ತೆರೆಯ ಮೇಲೆ ಬರೀ ಕಪ್ಪು. ಕಿವಿಯಲ್ಲಿ ಬೂಟುಗಳ ಸದ್ದು. ಬಾಗಿಲು ಬಡಿದುಕೊಂಡ ಸದ್ದು. ಆಮೇಲೆ ಮೌನ. ಆಮೇಲೆ ತಂಗಿಯ ದನಿ.

"ಅಣ್ಣಾ... ಕೈ ಕೊಡು. ಏಳೋಕಾಗ್ತಿಲ್ಲ."

ಹಲಗೆಯ ಮೇಲೆ ಕೈ ಜಾರಿದ ಸದ್ದು. "ಅಣ್ಣಾ, ಇದೀಯಾ?"

ಹಲಗೆ ಕಿರುಗುಟ್ಟಿತು. ತುಂಬ ಹೊತ್ತಿನ ಮೇಲೆ ಇನ್ನೊಂದು ದನಿ, ಪ್ರಾಂಪ್ಟರ್ ಅಜ್ಜಿಯದು, ಪಿಸುಗುಟ್ಟಿತು. "ಎಲ್ರೂ ಹೊರಟೋದ್ರಾ ಮಗಳೇ? ಒಬ್ರೂ ನೋಡ್ಲಿಲ್ವಾ?"

ಅವನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. ತನ್ನ ತಂಗಿ ಕತ್ತಲೆಯಲ್ಲಿ ಕೈ ಚಾಚಿ ಕರೆದಿದ್ದಳು. ತಾನು ಹೊರಗೆ ಕಾರಿನಲ್ಲಿ ಕೂತು ಊಟ ಮಾಡುತ್ತಿದ್ದ. ನಾಚಿಕೆಯಿಂದ ಅವನಿಗೆ ಸಂಕಲನಕಾರ್ತಿಯ ಮುಖ ನೋಡಲಾಗಲಿಲ್ಲ.

"ಈ ದೃಶ್ಯ ತೆಗೆದುಬಿಡಿ," ಅಂದ. "ಯಾರಿಗೂ ತೋರಿಸೋದು ಬೇಡ."

ಅವಳು ತನ್ನ ಮೊಬೈಲನ್ನು ಮುಂದೆ ಹಿಡಿದಳು. "ನಿರ್ಮಾಪಕರು ಬೆಳಿಗ್ಗೆನೇ ಟ್ರೇಲರ್ ಬಿಟ್ಟಿದ್ದಾರೆ ಸರ್. ಕೊನೇಲಿ ಇದೇ ಶಾಟ್ ಇದೆ. ಒಂದೂವರೆ ಲಕ್ಷ ಜನ ನೋಡಿ ಆಯ್ತು."

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಅಮ್ಮ ಅಳುತ್ತಿದ್ದಳು.

ಮನೆಯ ಬಾಗಿಲಲ್ಲೇ ವಾಸನೆ ಮುಖಕ್ಕೆ ಹೊಡೆಯಿತು. ಸುಟ್ಟ ಕೂದಲು. ನಡು ಹಗಲಾದರೂ ತಂಗಿಯ ಕೋಣೆಯಲ್ಲಿ ಬೆಳಕು ನಿಲ್ಲುತ್ತಿರಲಿಲ್ಲ. ಕಿಟಕಿ ತೆರೆದಿತ್ತು, ಆದರೂ ಮೂಲೆಗಳು ಕಪ್ಪಾಗಿದ್ದವು. ಅವಳು ಮಲಗಿದ್ದಳು. ಎಡಗೈ ಎದೆಯ ಮೇಲೆ, ಮುಖ ಬಲಕ್ಕೆ. ಹದಿನೇಳನೆಯ ಟೇಕಿಗೆ ಅವನೇ ತಿದ್ದಿ ತಿದ್ದಿ ಮಲಗಿಸಿದ ಭಂಗಿ. ಮೈ ತಣ್ಣಗೆ. ಉಸಿರು ಇತ್ತು, ಆದರೆ ಹುಡುಕಬೇಕಿತ್ತು.

"ಏಳು ಪುಟ್ಟಿ, ಒಂದ್ಸಲ ಎದ್ದು ನಿಲ್ಲು. ನಾನು ಹಿಡ್ಕೋತೀನಿ."

"ಸುಸ್ತು ಅಣ್ಣಾ," ಅಂದಳು ಕಣ್ಣು ತೆರೆಯದೆ. "ಎಷ್ಟು ಜನ ನೋಡ್ತಿದ್ದಾರೆ. ಒಬ್ರಾದ್ಮೇಲೆ ಒಬ್ರು ಬಂದು ಎದೆ ಮೇಲೆ ಕೂತ್ಕೋತಿದ್ದಾರೆ."

ಅಮ್ಮ ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದಳು. ಸಾವನ್ನು ನೋಡಿದವರೆಲ್ಲ ಅವಳು ಏಳುವುದನ್ನೂ ನೋಡಲಿ ಎಂದು ಅವನು ಮೊಬೈಲಿನಲ್ಲಿ ಚಿತ್ರೀಕರಿಸಿದ. ತಂಗಿ ಗೋಡೆ ಹಿಡಿದು ತಲೆಬಾಗಿದಳು. ಒಂದೇ ಸಲ. ಮತ್ತೆ ಕುಸಿದಳು. ಟ್ರೇಲರಿನ ಸಾವು, ಅದರ ಬೆನ್ನಿಗೇ ಈ ಏಳುವಿಕೆ, ಎರಡನ್ನೂ ಜೋಡಿಸಿ ಅವನು ಎಲ್ಲ ಕಡೆ ಹಾಕಿದ. ದಯವಿಟ್ಟು ಕೊನೆವರೆಗೂ ನೋಡಿ ಎಂದು ಬರೆದ.

ಜನ ಸಾವಿನವರೆಗೆ ನೋಡಿದರು. ಅಲ್ಲಿಗೆ ಮುಚ್ಚಿದರು.

ನಿರ್ಮಾಪಕನ ಕಾಲು ಹಿಡಿದು ಟ್ರೇಲರ್ ತೆಗೆಸಿದ. ಅಷ್ಟರಲ್ಲಿ ಯಾರ‍್ಯಾರೋ ಆ ತುಣುಕನ್ನು ಕತ್ತರಿಸಿ ತಮ್ಮ ತಮ್ಮ ಪುಟಗಳಲ್ಲಿ ಹಾಕಿಕೊಂಡಿದ್ದರು. ಕೆಳಗೆ ಹೊಗಳಿಕೆಯೋ ಹೊಗಳಿಕೆ. ಇಂಥ ಸಾವು ತೆರೆಯ ಮೇಲೆ ಬಂದೇ ಇಲ್ಲವಂತೆ. ಮೂರು ಲಕ್ಷ. ಐದು ಲಕ್ಷ. ತಂಗಿ ಏಳುವುದನ್ನು ಪೂರ್ತಿ ನೋಡಿದವರು ಆರುನೂರ ಹನ್ನೆರಡು.

ಅವನು ಬೀದಿಗಿಳಿದ. ಬಸ್ ನಿಲ್ದಾಣದಲ್ಲಿ ಕಾದು ನಿಂತ ಒಬ್ಬೊಬ್ಬರ ಮುಂದೆಯೂ ಮೊಬೈಲ್ ಹಿಡಿದು, ತಂಗಿ ಏಳುವ ತುಣುಕನ್ನು ಮಾತ್ರ ತೋರಿಸಿದ. "ಅರ್ಧ ನಿಮಿಷ ಅಷ್ಟೇ, ನೋಡಿ. ನನ್ನ ತಂಗಿ." ಕೆಲವರು ಹುಚ್ಚನೆಂದು ಸರಿದರು. ಕೆಲವರು ನೋಡಿದರು. ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ ಅಮ್ಮ ಮನೆಯಿಂದ ಹೇಳುತ್ತಲೇ ಇದ್ದಳು. ಈಗ ಬೆರಳು ಅಲ್ಲಾಡಿತು. ಈಗ ನಿಂತಿತು. ಮತ್ತೆ ಅಲ್ಲಾಡಿತು. ತೋರಿಸೋ. ನಿಲ್ಲಿಸಬೇಡ.

ಅವನು ನಿಲ್ಲಿಸಲಿಲ್ಲ. ಕಾಲು ಊದಿತು. ಗಂಟಲು ಒಣಗಿತು. ಬಸ್ ಬಂತು. ಬಸ್ ಹೋಯಿತು.

ಕೈಚೀಲ ಹಿಡಿದ ಹೆಂಗಸೊಬ್ಬಳು ಮಾತ್ರ ಪೂರ್ತಿ ನೋಡಿದಳು. ಎರಡು ಸಲ ನೋಡಿದಳು. ಕಣ್ಣೊರೆಸಿಕೊಂಡಳು.

"ಕಣ್ಣು ಬಿಟ್ಲು!" ಅಮ್ಮ ಕಿರುಚಿದಳು. "ನನ್ನೇ ನೋಡ್ತಿದ್ದಾಳೆ ಕಣೋ!"

ಅವನಿಗೆ ಆ ಹೆಂಗಸಿನ ಕೈ ಹಿಡಿದು ಅಳಬೇಕೆನಿಸಿತು.

"ಪಾಪ, ಎಷ್ಟು ಸೋತಿದ್ದಾಳೆ," ಅಂದಳು ಅವಳು. "ಪೋಸ್ಟರಲ್ಲಿ ನೋಡಿದ ಮುಖ ಅನ್ಸುತ್ತೆ. ಓ, ವಿಷ ಕುಡಿದು ಸಾಯೋ ಹುಡುಗಿ ಅಲ್ವಾ? ನಮ್ಮ ಮನೇಲೆಲ್ಲ ಅದೇ ಮಾತು. ನಾನೊಬ್ಳೇ ನೋಡಿರ್ಲಿಲ್ಲ."

"ಬೇಡಮ್ಮ," ಅಂದ ಅವನು. "ದಯವಿಟ್ಟು ಬೇಡ."

ಬಸ್ ಬಂದಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ತನ್ನ ಮೊಬೈಲ್ ತೆಗೆದಳು. ಅಕ್ಕಪಕ್ಕದವರು ಬಗ್ಗಿದರು. ತಂಗಿಯ ಹಾಡು ಶುರುವಾಯಿತು.

ಅವನು ಬಸ್ಸಿನ ಪಕ್ಕ ಓಡಿದ. ಕಿಟಕಿ ಬಡಿದ. ಯಾರೂ ತಲೆಯೆತ್ತಲಿಲ್ಲ. ಕಿವಿಯಲ್ಲಿ ಅಮ್ಮ ಮಗಳ ಕೆನ್ನೆ ತಟ್ಟುತ್ತ, ಮಲಗಬೇಡ, ಮಲಗಬೇಡ ಎನ್ನುತ್ತಿದ್ದಳು.